ಅಮ್ಮನ ಸೀರೆಗಳಿಗೆ ಕತ್ತರಿ ಹಾಕಲೋ ಬೇಡವೋ?

ಪ್ರಶ್ನೆ: ಅಮ್ಮ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಬಾದಾಮಿ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ 31 ವರ್ಷ ಟೀಚರ್ ಆಗಿದ್ದರು. ಅವರ ಟ್ರಂಕಿನಲ್ಲಿ 19 ಸೀರೆಗಳಿವೆ. ಮದುವೆಗೆ ತವರಿನವರು ಕೊಟ್ಟ ಇಳಕಲ್ ಸೀರೆ, ಶಾಲೆಗೆ ಉಡುತ್ತಿದ್ದ ಕಾಟನ್ ಸೀರೆಗಳು, ಎರಡು ನೈಲಾನ್ ಸೀರೆ, ರಿಟೈರ್ ಆದಾಗ ತಗೊಂಡ ಒಂದು ಮೈಸೂರು ರೇಷ್ಮೆ. ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಯಲ್ಲಿ ಹಾಕಿಕೊಳ್ಳುತ್ತಿದ್ದ ಒಂದು ನೈಟಿಯೂ ಇದೆ. ಇವನ್ನೆಲ್ಲ ಸೇರಿಸಿ ಅಮ್ಮನ ಬದುಕಿನ ಕಥೆ ಹೇಳುವ ಒಂದು ಕೌದಿ ಮಾಡಬೇಕು ಅಂತ ಆಸೆ. ಆದರೆ ನನಗೆ ಗುಂಡಿ ಹಚ್ಚುವಷ್ಟು ಹೊಲಿಗೆ ಮಾತ್ರ ಗೊತ್ತು. ಚಿತ್ರ ಬಿಡಿಸಲು ಬರಲ್ಲ. ಸೀರೆಗೆ ಕತ್ತರಿ ಹಾಕಲೇಬೇಡ ಅಂತ ತಂಗಿ ಹಟ ಹಿಡಿದಿದ್ದಾಳೆ. ಆ ನೈಟಿಯನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ. ದಾರಿ ತೋರಿಸುತ್ತೀರಾ ಮೇಡಂ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚಿತ್ರ ಬಿಡಿಸಲು ಬರಲ್ಲ ಅನ್ನುವ ಚಿಂತೆಯನ್ನು ಮೊದಲು ಪಕ್ಕಕ್ಕಿಡಿ. ಕೌದಿಗೆ ಚಿತ್ರ ಬೇಕಾಗಿಲ್ಲ.

ನಾನು ಬೆಳೆದದ್ದು ಧಾರವಾಡದ ಕಡೆ. ಬೇಸಿಗೆಯಲ್ಲಿ ಕೌದಿ ಹೊಲಿಯುವ ಹೆಂಗಸರು ಊರಿಗೆ ಬರುತ್ತಿದ್ದರು. ನಮ್ಮಜ್ಜಿ ವರ್ಷವಿಡೀ ಕೂಡಿಟ್ಟ ಹಳೆ ಬಟ್ಟೆಯ ಗಂಟನ್ನು ಅಂಗಳಕ್ಕೆ ತಂದು ಬಿಚ್ಚುತ್ತಿದ್ದಳು. ಸುಮ್ನೆ ಕೊಟ್ಟು ಒಳಗೆ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಕೂತು ಒಂದೊಂದೇ ಬಟ್ಟೆ ಕೈಗೆ ಕೊಡುತ್ತಿದ್ದಳು. "ಇದು ಇವರಜ್ಜನ ಧೋತರ, ಮೆತ್ತಗ ಐತಿ, ಒಳಗ ಹಾಕ್ರಿ. ಇದು ದೊಡ್ಡಾಕಿ ಬಾಣಂತನಕ್ಕ ಬಂದಾಗ ಉಡ್ತಿದ್ದ ಸೀರಿ, ಮ್ಯಾಲ ಕಾಣ್ಲಿ." ಹೊಲಿಯುವವರು ಕೇಳುತ್ತಿದ್ದರು, ನಾವು ಮಕ್ಕಳೂ ಕೇಳುತ್ತಿದ್ದೆವು. ಸಂಜೆ ಹೊತ್ತಿಗೆ ಯಾವ ತುಂಡು ಯಾರದು ಅಂತ ನಮಗೆಲ್ಲ ಬಾಯಿಪಾಠ ಆಗಿರುತ್ತಿತ್ತು. ಆ ಕೌದಿಯ ಮೇಲೆ ಮನೆಯ ಚಿತ್ರ ಇರಲಿಲ್ಲ, ಮದುವೆಯ ಚಿತ್ರ ಇರಲಿಲ್ಲ. ಇದ್ದದ್ದು ಬಟ್ಟೆ ಮಾತ್ರ. ಅಷ್ಟು ಸಾಕಾಗಿತ್ತು.

ಹಾಗಾಗಿ ನಿಮಗೆ ನನ್ನ ಮೊದಲ ಮಾತು ಇದು. ಇನ್ನೊಂದು ತಿಂಗಳು ಸೂಜಿ ಹಿಡಿಯಬೇಡಿ. ಸೀರೆಗಳನ್ನು ನೋಡಿ.

ಒಂದು ರಜೆಯ ದಿನ ಬೆಳಗ್ಗೆ, ಬಿಸಿಲು ನೇರವಾಗಿ ಬೀಳದ ಆದರೆ ಬೆಳಕು ಚೆನ್ನಾಗಿರುವ ಕೋಣೆಯಲ್ಲಿ ನೆಲಕ್ಕೆ ಬಿಳಿ ಪಂಚೆ ಹಾಸಿ. ಅದರ ಮೇಲೆ ಒಂದು ಸೀರೆಯನ್ನು ಪೂರ್ತಿ ಬಿಚ್ಚಿ. ತಂಗಿಯೂ ಪಕ್ಕದಲ್ಲಿದ್ದರೆ ಒಳ್ಳೆಯದು. ಎಡ ಹೆಗಲ ಮೇಲೆ ಬರುವ ಜಾಗವನ್ನು ಹುಡುಕಿ. ಟೀಚರ್ ಆಗಿದ್ದವರು ದಿನಾ ಸೆರಗಿಗೆ ಪಿನ್ ಹಾಕಿರುತ್ತಾರೆ. ಒಂದೇ ಜಾಗದಲ್ಲಿ ಹತ್ತಾರು ಸಣ್ಣ ತೂತು ಸಿಗುತ್ತವೆ. ಬಟ್ಟೆಯನ್ನು ಕಿಟಕಿಗೆ ಹಿಡಿದರೆ ಬೆಳಕು ಅಲ್ಲಿಂದ ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ಇನ್ನು ಸೆರಗಿನ ತುದಿ. ಮೂಲೆಯಲ್ಲಿ ನೂಲು ಸವೆದು ಸುಕ್ಕು ಬಿದ್ದಿದ್ದರೆ ಅಲ್ಲಿ ಬಸ್ಸಿನ ಚಿಲ್ಲರೆಯೋ, ಬೀರುವಿನ ಕೀಲಿಯೋ ಗಂಟು ಹಾಕಿಕೊಳ್ಳುತ್ತಿದ್ದರು ಅಂತ ಅರ್ಥ. ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಿದ್ದದ್ದೂ ಅದೇ ಸೆರಗಿಗೆ ಅಲ್ವಾ? ಕೆಳಗಿನ ಅಂಚಿಗೆ ಹಚ್ಚಿದ ಫಾಲ್ ಯಾವ ಹಿಮ್ಮಡಿಯ ಕಡೆ ಜಾಸ್ತಿ ಸವೆದಿದೆ ನೋಡಿ. ಹೊಟ್ಟೆಯ ಹತ್ತಿರ ಸಣ್ಣ ಸಣ್ಣ ಎಣ್ಣೆಯ ಚುಕ್ಕಿಗಳಿದ್ದರೆ ಅವು ಒಗ್ಗರಣೆಯವು. ಹಳದಿ ಕಲೆ ಅರಿಶಿನದ್ದೋ ಬೇರೆಯದೋ ಅನ್ನುವ ಅನುಮಾನ ಬಂದರೆ ಒಂದು ಚೂರು ಸೋಪಿನ ನೀರು ತಾಗಿಸಿ. ಅರಿಶಿನ ಕೆಂಪಗಾಗುತ್ತದೆ, ಸೋಪು ಹೋಗುವಂತೆ ತೊಳೆದರೆ ಮತ್ತೆ ಹಳದಿಗೆ ತಿರುಗುತ್ತದೆ.

ರಫು ಮಾಡಿದ ಜಾಗಗಳನ್ನು ಮಾತ್ರ ತಪ್ಪಿಸಬೇಡಿ. ಅಮ್ಮ ಸ್ವತಃ ಕೂತು ಮಾಡಿದ ರಫು ಇದ್ದರೆ, ಅದು ಅವರ ಕೈಬರಹ ಇದ್ದಂತೆ. ಯಾವ ಬಣ್ಣದ ದಾರ ಮನೆಯಲ್ಲಿತ್ತು, ಎಷ್ಟು ಆತುರದಲ್ಲಿದ್ದರು, ಕಣ್ಣು ಮಂಜಾಗಿತ್ತಾ, ಎಲ್ಲ ಆ ಹೊಲಿಗೆಯಲ್ಲಿ ತಿಳಿಯುತ್ತದೆ. ಹಳೆ ಬಟ್ಟೆ ದುರಸ್ತಿಗೆ ನನ್ನ ಹತ್ತಿರ ಬರುವವರು "ಈ ಕಲೆ ತೆಗೆಯಿರಿ, ಈ ತೇಪೆ ಕಾಣದಂತೆ ಮಾಡಿ" ಅಂತ ಕೇಳುತ್ತಾರೆ. ಸಾಧ್ಯವಾದಷ್ಟೂ ನಾನು ಬೇಡ ಅನ್ನುತ್ತೇನೆ. ಕಲೆ ಇಲ್ಲದ, ತೇಪೆ ಇಲ್ಲದ ಸೀರೆ ಅಂಗಡಿಯಲ್ಲೂ ಸಿಗುತ್ತದೆ. ಅಮ್ಮ ಉಟ್ಟ ಸೀರೆ ಸಿಗುವುದಿಲ್ಲ.

ಸವೆದ ಬಟ್ಟೆಯೇ ಎಷ್ಟು ಹೇಳಬಲ್ಲದು ಅನ್ನುವುದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಒಂದು ಕೌದಿಯನ್ನು ನೆನಪಿಸಿಕೊಳ್ಳುತ್ತೇನೆ. ಅಲ್ಲಿನ ನದಿ ತಿರುವಿನಲ್ಲಿ ಜೀಸ್ ಬೆಂಡ್ ಅನ್ನುವ ಊರಿದೆ. ಗುಲಾಮರಾಗಿದ್ದ ಕಪ್ಪು ಜನರ ಮೊಮ್ಮಕ್ಕಳು, ಮರಿಮಕ್ಕಳು ಇರುವ ಬಡ ಊರು ಅದು. 1942ರಲ್ಲಿ ಅಲ್ಲಿನ ಮಿಸೌರಿ ಪೆಟ್‌ವೇ ಅನ್ನುವ ಹೆಂಗಸು, ತೀರಿಕೊಂಡ ಗಂಡ ಹೊಲದ ಕೆಲಸಕ್ಕೆ ಹಾಕುತ್ತಿದ್ದ ಬಟ್ಟೆಗಳನ್ನು ಹರಿದು ಕೌದಿ ಹೊಲಿದಳು. ಅವನ ನೆನಪು ಉಳಿಯಲಿ, ಅದನ್ನು ಹೊದ್ದು ಅವನ ಪ್ರೀತಿಯಲ್ಲಿ ಮಲಗುತ್ತೇನೆ ಅಂದಳಂತೆ. ಹರಿಯಲು ಸಹಾಯ ಮಾಡಿದ ಮಗಳು ಮುಂದೆ ಇದನ್ನು ಹೇಳಿದಳು. ಆ ಕೌದಿಯಲ್ಲಿ ಒಂದು ಹೂವೂ ಇಲ್ಲ. ಮಾಸಿದ ನೀಲಿ, ಬೂದು ಪಟ್ಟಿಗಳು. ಮಂಡಿ ಊರಿ ಸವೆದ ಜಾಗ, ಜೇಬು ಕಿತ್ತ ಜಾಗದಲ್ಲಿ ಉಳಿದ ಗಾಢ ಬಣ್ಣ. ಆ ಊರಿನ ಕೌದಿಗಳು 2002ರಿಂದ ಅಮೆರಿಕದ ದೊಡ್ಡ ಮ್ಯೂಸಿಯಂಗಳಲ್ಲಿ ಪ್ರದರ್ಶನ ಕಂಡವು. 2006ರಲ್ಲಿ ಅಂಚೆ ಚೀಟಿಗಳ ಮೇಲೂ ಬಂದವು. ಹೊಲಿದವರು ಮ್ಯೂಸಿಯಂ ಮನಸ್ಸಿನಲ್ಲಿಟ್ಟುಕೊಂಡು ಹೊಲಿದಿರಲಿಲ್ಲ. ಚಳಿಗೆ ಹೊದೆಯಲು ಹೊಲಿದಿದ್ದರು.

ಈಗ ಕತ್ತರಿಯ ವಿಷಯ. ನಿಮ್ಮ ತಂಗಿ ಹೇಳುವುದರಲ್ಲಿ ಅರ್ಧ ಸತ್ಯವಿದೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು. ಆದರೆ ಹತ್ತೊಂಬತ್ತು ಸೀರೆಗೂ ಒಂದೇ ನಿಯಮ ಬೇಕಾಗಿಲ್ಲ.

ಶಾಲೆಗೆ ಉಟ್ಟ ಕಾಟನ್ ಸೀರೆಗಳಲ್ಲಿ ನಾಲ್ಕೈದು ಈಗಾಗಲೇ ಹಿಂಜಿಹೋಗಿರುತ್ತವೆ. ಅವನ್ನು ಧಾರಾಳವಾಗಿ ಕತ್ತರಿಸಿ. ಟ್ರಂಕಿನಲ್ಲಿ ಮಡಚಿಟ್ಟರೂ ಮಡಿಕೆಯ ಗೆರೆಯಲ್ಲೇ ಸೀಳುತ್ತವೆ. ಅವುಗಳಿಗೆ ಕೌದಿಗಿಂತ ಒಳ್ಳೆಯ ಜಾಗ ಇಲ್ಲ.

ಗಟ್ಟಿಯಾಗಿರುವ ಸೀರೆಗಳಿಗೆ ಬೇರೆ ಉಪಾಯವಿದೆ. ಸೀರೆ ಉಡುವಾಗ ಮೊದಲು ಸೊಂಟಕ್ಕೆ ಸಿಕ್ಕಿಸುವ ಒಳತುದಿ ಇದೆಯಲ್ಲ, ಅದು ಹೊರಗೆ ಯಾರಿಗೂ ಕಾಣುವುದಿಲ್ಲ. ಅಲ್ಲಿಂದ ಒಂದೇ ಒಂದು ಗೇಣು, ಅಂದರೆ ಸುಮಾರು 9 ಇಂಚು, ಅಡ್ಡಕ್ಕೆ ಕತ್ತರಿಸಿ. ಐದೂವರೆ ಮೀಟರಿನ ಸೀರೆಯಲ್ಲಿ ಇನ್ನೂ ಐದು ಕಾಲು ಮೀಟರ್ ಉಳಿಯುತ್ತದೆ. ತುದಿ ಮಡಚಿ ಹೊಲಿದರೆ ನೀವೋ ತಂಗಿಯೋ ನಾಳೆ ಆರಾಮಾಗಿ ಉಡಬಹುದು. ಸೀರೆಯ ಅಗಲ 45 ಇಂಚು ಅಂತ ಇಟ್ಟುಕೊಂಡರೆ ಆ ಒಂದು ಗೇಣಿನಲ್ಲಿ ನಾಲ್ಕೂವರೆ ಇಂಚಿನ 20 ಚೌಕ ಸಿಗುತ್ತವೆ. ಅಂಚೂ ಅದರಲ್ಲೇ ಬರುತ್ತದೆ. ಮಗು ಹೊದೆಯುವ ಅಳತೆಯ ಕೌದಿ, ಅಂದರೆ 3 ಅಡಿಗೆ 4 ಅಡಿ, ಮಾಡಲು 108 ಚೌಕ ಸಾಕು. ಅಂಚು ಮಡಚಿ ಹೊಲಿದ ಮೇಲೆ ಒಂದೊಂದು ಚೌಕ 4 ಇಂಚು ಉಳಿಯುತ್ತದೆ ಅನ್ನುವ ಲೆಕ್ಕ ಇದು. ಆರು ಸೀರೆಗಳಿಂದ ಒಂದೊಂದು ಗೇಣು ತೆಗೆದರೆ ಮುಗಿಯಿತು. ಈ ಲೆಕ್ಕವನ್ನು ತಂಗಿಗೆ ತೋರಿಸಿ. "ಕತ್ತರಿಸೋದು" ಅಂದಾಗ ಅವರ ಕಣ್ಣಮುಂದೆ ಸೀರೆ ಪೂರ್ತಿ ಚಿಂದಿಯಾಗುವ ಚಿತ್ರ ಬಂದಿರುತ್ತದೆ. ಒಂದು ಗೇಣು ಅಂದರೆ ಮಾತು ಬದಲಾಗಬಹುದು.

ಎರಡು ಸೀರೆ ಮುಟ್ಟಬೇಡಿ. ಒಂದು ಇಳಕಲ್ ಸೀರೆ. ಅದರ ಕೆಂಪು ರೇಷ್ಮೆ ಸೆರಗನ್ನೂ ಮೈಯನ್ನೂ ನೇಕಾರರು ಮಗ್ಗದಲ್ಲೇ ಎಳೆಗೆ ಎಳೆ ಕೊಂಡಿಯಂತೆ ಸೇರಿಸಿರುತ್ತಾರೆ. ಇಳಕಲ್ ಸೀರೆಯ ಗುರುತೇ ಅದು. ಆ ಸೇರಿಕೆಯ ಹತ್ತಿರ ಕತ್ತರಿ ಹೋಗಬಾರದು. ಮದುವೆಯದ್ದು ಬೇರೆ, ಪೂರ್ತಿಯಾಗಿಯೇ ಇರಲಿ. ಅದರ ಜೊತೆ ಗುಳೇದಗುಡ್ಡದ ಖಣದ ಕುಪ್ಪಸ ಏನಾದರೂ ಟ್ರಂಕಿನಲ್ಲಿದೆಯಾ ನೋಡಿ. ಹಳೆ ಕುಪ್ಪಸ ನಿಮಗೂ ಆಗುವುದಿಲ್ಲ, ತಂಗಿಗೂ ಆಗುವುದಿಲ್ಲ. ಮದುವೆಯ ದಿನವನ್ನು ಕೌದಿಗೆ ತರಲು ಆ ಖಣದ ಎರಡು ತುಂಡು ಸಾಕು. ಇನ್ನೊಂದು ಮೈಸೂರು ರೇಷ್ಮೆ. ಸ್ವಂತ ದುಡಿಮೆಯ ಕೊನೆಗೆ ತಾವೇ ಆರಿಸಿ ತಗೊಂಡ ಸೀರೆ ಅದು. ಅದನ್ನು ತಂಗಿಗೆ ಕೊಡಿ ಅನ್ನುವುದು ನನ್ನ ಸಲಹೆ. ಉಡಲಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಈ ಎರಡೂ ಸೀರೆಗಳ ಮಡಿಕೆಯನ್ನು ಬದಲಿಸಿ, ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೆತ್ತನೆಯ ಬಿಳಿ ಕಾಟನ್ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ರೇಷ್ಮೆಗೂ ಜರಿಗೂ ನೇರ ತಾಗಬಾರದು.

ಒಗೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ, ಪ್ರತಿ ಸೀರೆಯ ಒಂದು ಮೂಲೆಗೆ ಐದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಅಂಟಿದರೆ ಆ ಬಟ್ಟೆಯನ್ನು ತಿಳಿ ಬಣ್ಣದ ಪಕ್ಕ ಹಾಕಬೇಡಿ. ಮುಂದೊಂದು ದಿನ ಕೌದಿ ಒಗೆದಾಗ ಎಲ್ಲಕ್ಕೂ ಹರಡುತ್ತದೆ. ಇನ್ನೊಂದು ಮಾತು ನಿಮಗೆ ಕಷ್ಟ ಅನಿಸಬಹುದು. ಸೀರೆಯಲ್ಲಿ ಅಮ್ಮನ ವಾಸನೆ ಇನ್ನೂ ಇದ್ದರೆ ಒಂದು ಸೀರೆಯನ್ನು ಒಗೆಯದೆ ಹಾಗೇ ಬಿಡಿ. ಅದು ಕೌದಿಗೆ ಬೇಡ, ಟ್ರಂಕಿನಲ್ಲಿ ಇರಲಿ. ಉಳಿದವನ್ನು ಮೆದು ಸೋಪಿನ ತಣ್ಣೀರಿನಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿ.

ನೈಲಾನ್ ಸೀರೆಗಳನ್ನು ಕೌದಿಗೆ ಆಗಲ್ಲ ಅಂತ ಬಿಡುವವರೇ ಜಾಸ್ತಿ. ಬಿಡಬೇಡಿ. ಒಗೆದರೆ ಬೇಗ ಒಣಗುವ, ಇಸ್ತ್ರಿ ಬೇಡದ ನೈಲಾನ್ ಸೀರೆ ಕೆಲಸಕ್ಕೆ ಹೋಗುವ ಹೆಂಗಸಿಗೆ ಎಷ್ಟು ಸಮಯ ಉಳಿಸಿತು ಅಂತ ನಮ್ಮ ತಾಯಂದಿರನ್ನು ಕೇಳಬೇಕು. ಜಾರುತ್ತದೆ, ಅಷ್ಟೇ. ತೆಳು ಕಾಟನ್ ಚೌಕಕ್ಕೆ ಮೊದಲು ಕಚ್ಚಾ ಹೊಲಿಗೆ ಹಾಕಿ ಕೂರಿಸಿಕೊಂಡು ಆಮೇಲೆ ಜೋಡಿಸಿ. ಬಿಸಿ ಇಸ್ತ್ರಿ ತಾಗಿಸಬೇಡಿ, ಕರಗುತ್ತದೆ.

ಹೊಲಿಯುವ ರೀತಿಗೆ ಬಂದರೆ, ನಿಮಗೆ ನಾನು ಹೇಳಿಕೊಡಬೇಕು ಅಂದುಕೊಂಡಿರುವುದು ಉತ್ತರ ಕನ್ನಡದ ಸಿದ್ದಿ ಹೆಂಗಸರ ಪದ್ಧತಿ. ಗುಂಡಿ ಹಚ್ಚಲು ಬಂದರೆ ಸಾಕು, ಇದು ಬರುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಅವರಲ್ಲಿ ಬಹಳಷ್ಟು ಜನರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅಲ್ಲೇ ನೆಲೆ ನಿಂತರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಮೂರೂ ಮನೆಗಳಲ್ಲಿ ಕೌದಿ ಹೊಲಿಯುವ ರೀತಿ ಒಂದೇ. ಅದನ್ನು ಕವಂದಿ ಅನ್ನುತ್ತಾರೆ. ಕ್ರೈಸ್ತರ ಮನೆಯ ಕವಂದಿಯಲ್ಲಿ ಕೆಲವೊಮ್ಮೆ ಶಿಲುಬೆ ಬರುತ್ತದೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ. ಉಳಿದಂತೆ ಯಾರ ಮನೆಯಲ್ಲಿ ಯಾವ ಬಟ್ಟೆ ಹಳೆಯದಾಯಿತೋ ಅದೇ ವಿನ್ಯಾಸ.

ನಮ್ಮ ಕಡೆಯ ಕೌದಿಯಲ್ಲಿ ಸಾಮಾನ್ಯವಾಗಿ ಮೊದಲು ಪದರಗಳನ್ನು ಹಾಸಿ, ಆಮೇಲೆ ಹೊಲಿಯುತ್ತಾರೆ. ಸಿದ್ದಿ ಹೆಂಗಸರು ಅಡಿಗೆ ಒಂದು ಹಳೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಒಂದು ತುಂಡು ಇಟ್ಟು, ಅದರ ಅಂಚು ಒಳಕ್ಕೆ ಮಡಚಿ ಹೊಲಿಯುವುದು. ಅದರ ಪಕ್ಕ ಇನ್ನೊಂದು. ಹೀಗೆ ಹೊರ ಅಂಚಿನ ಸುತ್ತ ಒಂದು ಸುತ್ತು ಬಂದು, ಅದರ ಒಳಗೆ ಎರಡನೇ ಸುತ್ತು, ಮೂರನೇ ಸುತ್ತು. ಹೊಲಿಗೆ ಸಾಲು ಅಂಗಳಕ್ಕೆ ಪ್ರದಕ್ಷಿಣೆ ಹಾಕಿದಂತೆ ಒಳಕ್ಕೆ ಸಾಗುತ್ತಾ ಕೊನೆಗೆ ನಡುವೆ ಬಂದು ನಿಲ್ಲುತ್ತದೆ. ಚೌಕಟ್ಟು ಬೇಡ, ಮಷೀನು ಬೇಡ, ಮೊದಲೇ ಬರೆದ ನಕ್ಷೆಯೂ ಬೇಡ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಪದರ ಪದರವಾಗಿ ಕೂರಿಸುತ್ತಾರೆ. ಅದಕ್ಕೆ ಫುಲಾ, ಅಂದರೆ ಹೂವು, ಅನ್ನುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ ಕವಂದಿ.

ಈ ಪದ್ಧತಿ ನಿಮಗೆ ಯಾಕೆ ಅಂದರೆ, ಕಥೆಗೆ ಒಂದು ದಾರಿ ಇದರಲ್ಲಿ ತಾನಾಗಿ ಸಿಗುತ್ತದೆ. ಹೊರಗಿನ ಸುತ್ತಿನಲ್ಲಿ ಎಲ್ಲರಿಗೂ ಗೊತ್ತಿದ್ದ ಅಮ್ಮ, ಅಂದರೆ ಶಾಲೆಯ ಸೀರೆಗಳು. ಒಳಗೆ ಹೋದಂತೆ ಮನೆಯ ಅಮ್ಮ. ನಡುವಿನ ತುಂಡು ಯಾವುದು ಅಂತ ನೀವಿಬ್ಬರು ಅಕ್ಕತಂಗಿಯರು ಕೂತು ನಿರ್ಧರಿಸಿ. ನಾನಾಗಿದ್ದರೆ ಹೆಗಲಿನ ಪಿನ್ ತೂತುಗಳಿರುವ ತುಂಡನ್ನು ಅಲ್ಲಿಗೆ ಇಡುತ್ತಿದ್ದೆ.

ಸಾಮಾನು ಜಾಸ್ತಿ ಬೇಡ. ದಪ್ಪ ಕಾಟನ್ ದಾರ, ಸ್ವಲ್ಪ ದೊಡ್ಡ ಕಣ್ಣಿನ ಸೂಜಿ, ನಡುಬೆರಳಿಗೆ ಅಂಗುಸ್ತಾನ. ಪಾಲಿಯೆಸ್ಟರ್ ದಾರ ಬೇಡ, ಹಳೆ ಬಟ್ಟೆಯನ್ನು ನಿಧಾನಕ್ಕೆ ಕೊಯ್ಯುತ್ತದೆ. ದಾರವನ್ನು ಒಂದು ಮೊಳಕ್ಕಿಂತ ಸ್ವಲ್ಪ ಉದ್ದ ಮಾತ್ರ ತಗೊಳ್ಳಿ. ಉದ್ದ ಮಾಡಿದರೆ ಸಿಕ್ಕು ಬೀಳುತ್ತದೆ. ಹೊಲಿಗೆ ರನ್ನಿಂಗ್ ಸ್ಟಿಚ್ ಒಂದೇ, ಸೂಜಿಯನ್ನು ಕೆಳಗೆ ಮೇಲೆ ಆಡಿಸುತ್ತಾ ಮುಂದೆ ಹೋಗುವುದು. ಅರ್ಧ ಇಂಚಿಗೊಂದು ಸಾಲು ಹಾಕಿದರೆ 3 ಅಡಿಗೆ 4 ಅಡಿಯ ಕೌದಿಗೆ ಒಟ್ಟು ಸುಮಾರು 290 ಅಡಿ ಉದ್ದದ ಹೊಲಿಗೆ ಆಗುತ್ತದೆ. ದಿನಕ್ಕೆ ಐದು ಅಡಿ ಹೊಲಿದರೆ ಎರಡು ತಿಂಗಳು. ಮೊದಲ ವಾರದ ಹೊಲಿಗೆ ಡೊಂಕು ಬರುತ್ತದೆ. ಅದನ್ನು ಬಿಚ್ಚಬೇಡಿ. ಕೊನೆಯ ವಾರದ ಹೊಲಿಗೆಯ ಪಕ್ಕ ಅದೂ ಇರಲಿ. ಆ ಎರಡು ತಿಂಗಳು ನೀವು ಹೇಗಿದ್ದಿರಿ ಅನ್ನುವುದೂ ಈ ಕೌದಿಯ ಕಥೆಯೇ.

ಅಷ್ಟಾದರೂ ಒಂದೆರಡು ಚಿತ್ರ ಬೇಕೇಬೇಕು ಅನಿಸಿದರೆ ನಿಮ್ಮ ಅಮ್ಮನ ಸೀಮೆಯ ಕಲೆಯೇ ಇದೆ, ಕಸೂತಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ, ಎಳೆ ಎಣಿಸುತ್ತಾರೆ. ಎಣಿಸಲು ಬಂದವರಿಗೆ ಕಸೂತಿ ಬರುತ್ತದೆ. ತುಳಸಿಕಟ್ಟೆ, ತೇರು, ಗೋಪುರ, ಆನೆ, ತೊಟ್ಟಿಲು, ಹೆಂಗಸರು ದಿನಾ ಕಣ್ಣಾರೆ ಕಂಡದ್ದೇ ಅದರಲ್ಲಿ ಬಂದಿದೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ನಿಮಗೆ ಗವಂತಿ ಒಂದು ಸಾಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವುದಿಲ್ಲ, ಹಾಗಾಗಿ ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ. ಎಳೆ ದಪ್ಪಗೆ ಕಾಣುವ ಮ್ಯಾಟಿ ಬಟ್ಟೆಯಲ್ಲಿ ಅಭ್ಯಾಸ ಮಾಡಿ. ಅಮ್ಮ ಮೂರು ದಶಕ ನಿಂತದ್ದು ಕರಿಹಲಗೆಯ ಮುಂದೆ ಅಲ್ವಾ? ಒಂದು ಚೌಕ ಕರಿಹಲಗೆ, ಅದರ ಮೇಲೆ ಬಿಳಿ ದಾರದಲ್ಲಿ "ಅ". ಇದಕ್ಕಿಂತ ದೊಡ್ಡ ಚಿತ್ರ ಬೇಡ.

ಈಗ ನಾನು ಇಡೀ ಉತ್ತರದಲ್ಲಿ ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ವಿಷಯ. ಒಂದು ನೋಟ್‌ಬುಕ್ ಇಡಿ.

ಬಟ್ಟೆ ಕಥೆ ಹೇಳುತ್ತದೆ ನಿಜ, ಆದರೆ ಕೇಳುವವರಿಗೆ ಗೊತ್ತಿದ್ದರೆ ಮಾತ್ರ. ನಮ್ಮಜ್ಜಿಯ ಅಂಗಳದ ಕೌದಿಗಳಲ್ಲಿ ಒಂದು ಈಗಲೂ ನನ್ನ ಹತ್ತಿರ ಇದೆ. ಅದರ ನಟ್ಟನಡುವೆ ಒಂದು ಹಸಿರು ಚೌಕಡಿ ತುಂಡು ಇದೆ. ಯಾರದು ಅಂತ ಗೊತ್ತಿಲ್ಲ. ಅವತ್ತು ಬಾಯಿಪಾಠ ಇತ್ತು, ಮರೆತುಹೋಯಿತು. ಈಗ ಕೇಳೋಣ ಅಂದರೆ ಹೇಳುವವರು ಯಾರೂ ಉಳಿದಿಲ್ಲ. ನಡುವಿಗೆ ಇಟ್ಟಿದ್ದಾರೆ ಅಂದಮೇಲೆ ಯಾರೋ ಮುಖ್ಯವಾದವರದ್ದೇ ಇರಬೇಕು. ಅದನ್ನು ಮುಟ್ಟಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಇದಕ್ಕೆ ಎದುರಾದ ಒಂದು ಉದಾಹರಣೆ ಹೇಳುತ್ತೇನೆ. ಹ್ಯಾರಿಯೆಟ್ ಪವರ್ಸ್ ಅಂತ ಒಬ್ಬರಿದ್ದರು. 1837ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಅವರು ಬಟ್ಟೆಯ ಆಕಾರಗಳನ್ನು ಕತ್ತರಿಸಿ ಇನ್ನೊಂದು ಬಟ್ಟೆಯ ಮೇಲಿಟ್ಟು ಹೊಲಿದ ಎರಡು ಕೌದಿಗಳು ಉಳಿದಿವೆ. ಒಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿ, ಇನ್ನೊಂದು ಬಾಸ್ಟನ್ನಿನಲ್ಲಿ. ಮೊದಲನೆಯದನ್ನು 1886ರಲ್ಲಿ ಹತ್ತಿ ಮೇಳವೊಂದರಲ್ಲಿ ನೋಡಿದ ಜೆನ್ನಿ ಸ್ಮಿತ್ ಅನ್ನುವ ಚಿತ್ರಕಲಾ ಟೀಚರ್ ಕೊಳ್ಳಲು ಕೇಳಿದರು. ಪವರ್ಸ್ ಕೊಡಲಿಲ್ಲ. ಕೆಲವು ವರ್ಷಗಳ ನಂತರ ಕೈ ಬರಿದಾಗಿ ತಾವೇ ಹೊತ್ತು ತಂದರು. 10 ಡಾಲರ್ ಕೇಳಿದರು, ಸಿಕ್ಕಿದ್ದು 5. ಕೊಡುವ ಮೊದಲು ಪ್ರತಿ ಚೌಕದಲ್ಲಿ ಏನಿದೆ ಅಂತ ಬಿಡಿಸಿ ಹೇಳಿದರು, ಸ್ಮಿತ್ ಬರೆದುಕೊಂಡರು. ಕೊಟ್ಟ ಮೇಲೂ ತಮ್ಮ ಕೌದಿಯನ್ನು ನೋಡಲು ಹಲವು ಸಲ ಬರುತ್ತಿದ್ದರಂತೆ. ಎರಡನೆಯ ಕೌದಿಯ ವಿವರಣೆಯೂ ಹಾಗೇ ಬರಹದಲ್ಲಿ ಉಳಿದಿದೆ. ಅದರ ಒಂದು ಚೌಕದಲ್ಲಿ ನಕ್ಷತ್ರಗಳು ಸುರಿಯುತ್ತವೆ. 1833ರ ನವೆಂಬರ್ 13ರ ರಾತ್ರಿ ಆಕಾಶದಿಂದ ಉಲ್ಕೆಗಳ ಮಳೆ ಆಗಿತ್ತು. ಪವರ್ಸ್ ಹುಟ್ಟಿದ್ದೇ ಅದಾಗಿ ನಾಲ್ಕು ವರ್ಷಕ್ಕೆ. ದೊಡ್ಡವರು ಹೇಳಿ ಹೇಳಿ ಅದು ಅವರ ನೆನಪೇ ಆಗಿತ್ತು. ಬರೆದಿಟ್ಟದ್ದು ಇಲ್ಲದಿದ್ದರೆ ಇವತ್ತು ನಮಗೆ ಕಾಣುತ್ತಿದ್ದದ್ದು ಬರೀ ನಕ್ಷತ್ರ, ಮನುಷ್ಯರ ಆಕಾರ.

ಆದ್ದರಿಂದ ಕತ್ತರಿ ಹಾಕುವ ಮೊದಲು ಪ್ರತಿ ಸೀರೆಯನ್ನೂ ಪೂರ್ತಿ ಹರಡಿ ಫೋಟೋ ತೆಗೆಯಿರಿ. ನೋಟ್‌ಬುಕ್ಕಿನಲ್ಲಿ ಒಂದು ಸೀರೆಗೆ ಒಂದು ಪುಟ. ಎರಡಿಂಚಿನ ಚೂರನ್ನು ಪುಟಕ್ಕೆ ದಾರದಿಂದ ಹೊಲಿಯಿರಿ, ಗೋಂದು ಬೇಡ. ಯಾರು ಕೊಟ್ಟದ್ದು, ಎಲ್ಲಿ ಉಟ್ಟದ್ದು, ಯಾವ ಫೋಟೋದಲ್ಲಿ ಇದೆ, ಅವತ್ತು ಏನಾಯಿತು, ನಿಮಗೆ ನೆನಪಿದ್ದಂತೆ ಬರೆಯಿರಿ. ತಂಗಿಗೆ ಬೇರೆ ಥರ ನೆನಪಿದ್ದರೆ ಅದನ್ನೂ ಕೆಳಗೆ ಬರೆಯಿರಿ, ಯಾರದು ಸರಿ ಅಂತ ತೀರ್ಮಾನ ಮಾಡಬೇಡಿ. ಅಮ್ಮನ ಜೊತೆ ಶಾಲೆಯಲ್ಲಿದ್ದ ಟೀಚರ್ ಯಾರಾದರೂ ಇದ್ದರೆ ಫೋಟೋಗಳನ್ನು ವಾಟ್ಸಾಪ್ ಮಾಡಿ. "ಈ ಸೀರೆ ಉಟ್ಟಿದ್ದ ದಿನ ಇನ್ಸ್‌ಪೆಕ್ಟರ್ ಬಂದಿದ್ರು" ಅನ್ನುವಂಥ ಮಾತು ಅವರಿಂದಲೇ ಬರಬೇಕು.

ನೋಟ್‌ಬುಕ್ ಒಂದು ಕಡೆ, ಕೌದಿ ಒಂದು ಕಡೆ ಆಗುವ ಭಯ ಇದ್ದೇ ಇದೆ. ಅದಕ್ಕೆ ಕೌದಿಯ ಹಿಂಬದಿಯಲ್ಲಿ ಒಂದು ಪುಟ್ಟ ಜೇಬು ಹೊಲಿಯಿರಿ. ಈ ಯೋಚನೆ ನನ್ನದಲ್ಲ, ಚಿಲಿ ದೇಶದ ಹೆಂಗಸರದ್ದು. 1973ರ ಸೆಪ್ಟೆಂಬರ್ 11ರಂದು ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಸಾವಿರಾರು ಜನರನ್ನು ಹಿಡಿದೊಯ್ದರು. ಎಷ್ಟೋ ಮಂದಿ ಎಲ್ಲಿ ಹೋದರು ಅಂತ ಮನೆಯವರಿಗೆ ತಿಳಿಯಲೇ ಇಲ್ಲ. ಸಾಂತಿಯಾಗೊ ನಗರದಲ್ಲಿ ಕ್ಯಾಥೊಲಿಕ್ ಚರ್ಚಿನ ಆಶ್ರಯದಲ್ಲಿ ಆ ಮನೆಗಳ ಹೆಂಗಸರು ಕೂಡಿ, ಗೋಣಿ ಬಟ್ಟೆಯ ಮೇಲೆ ಚಿಂದಿಗಳನ್ನು ಹೊಲಿದು ನಡೆದದ್ದನ್ನು ಹೇಳತೊಡಗಿದರು. ಅದಕ್ಕೆ ಅರ್ಪಿಯೇರಾ ಅನ್ನುತ್ತಾರೆ, ಗೋಣಿ ಬಟ್ಟೆಯ ಹೆಸರೇ ಅದಕ್ಕೆ ಬಂತು. ಕಾಣೆಯಾದವರ ಬಟ್ಟೆಯ ತುಂಡುಗಳೂ ಅದರಲ್ಲಿ ಸೇರುತ್ತಿದ್ದವು. ಅವರೆಲ್ಲಿದ್ದಾರೆ ಅನ್ನುವ ಪ್ರಶ್ನೆಯನ್ನು ದಾರದಲ್ಲೇ ಬರೆದಿರುತ್ತಿದ್ದರು. ಎಷ್ಟೋ ಅರ್ಪಿಯೇರಾಗಳ ಹಿಂದೆ ಒಂದು ಜೇಬು, ಅದರಲ್ಲಿ ಹೊಲಿದವಳು ಕೈಯಾರೆ ಬರೆದ ಚೀಟಿ ಇರುತ್ತಿತ್ತು. ಅವು ಗುಟ್ಟಾಗಿ ದೇಶದ ಹೊರಗೆ ಹೋದವು. ಬಟ್ಟೆಯ ಜೊತೆ ಚೀಟಿಯೂ ಹೋಯಿತು. ನಿಮ್ಮ ಜೇಬಿನ ಚೀಟಿಯನ್ನು ಕಾಗದದಲ್ಲಿ ಬರೆಯದೆ ಬಿಳಿ ಕಾಟನ್ ಪಟ್ಟಿಯ ಮೇಲೆ ಬರೆಯಿರಿ. ಬಾಲ್‌ಪೆನ್ ಒಗೆದರೆ ಹರಡುತ್ತದೆ. ಪೆನ್ಸಿಲ್ಲಿನಲ್ಲಿ ಬರೆದು ಅದರ ಮೇಲೆ ದಾರ ಓಡಿಸಿ. ಅಮ್ಮನ ಹೆಸರು, ಊರು, ಹೊಲಿದವರ ಹೆಸರು, ವರ್ಷ.

ಉಳಿದದ್ದು ನೈಟಿ. ನೀವು ಅದನ್ನು ಇಷ್ಟು ದಿನ ಎಸೆಯದೆ ಇಟ್ಟಿದ್ದೀರಿ, ನೋಡಲೂ ಆಗುತ್ತಿಲ್ಲ ಅಂತ ನನಗೆ ಅನಿಸುತ್ತದೆ. ಎರಡೂ ಸಹಜ. 31 ವರ್ಷ ಇಸ್ತ್ರಿ ಸೀರೆ ಉಟ್ಟು ನಿಂತ ಹೆಂಗಸನ್ನು ನೆಂಟರು, ಮಕ್ಕಳು ಕೌದಿಯ ಮೇಲೆ ಆ ನೈಟಿಯಲ್ಲಿ ನೋಡುವುದು ಅವರಿಗೆ ಇಷ್ಟವಾಗುತ್ತಿತ್ತಾ? ಬಹುಶಃ ಇಲ್ಲ. ಹಾಗಂತ ಆ ತಿಂಗಳುಗಳು ನಡೆಯಲೇ ಇಲ್ಲ ಅನ್ನುವಂತೆ ಬಿಟ್ಟುಬಿಡಲೂ ನಿಮಗೆ ಮನಸ್ಸು ಬರುತ್ತಿಲ್ಲ. ಆ ರಾತ್ರಿಗಳಲ್ಲಿ ಪಕ್ಕದಲ್ಲಿ ಕೂತಿದ್ದವರು ನೀವು.

ಕೌದಿಗೆ ಮೇಲುಪದರ, ಅಡಿಪದರ ಇದ್ದಂತೆ ನಡುವೆ ಒಂದು ಪದರ ಇರುತ್ತದೆ. ಹೊರಗೆ ಕಾಣುವುದಿಲ್ಲ, ಆದರೆ ಬೆಚ್ಚಗಿಡುವುದು ಅದೇ. ಅಜ್ಜ ಸತ್ತ ವರ್ಷ ನಮ್ಮಜ್ಜಿ ಅವನ ಧೋತರವನ್ನು ಹಾಕಿಸಿದ್ದು ಅಲ್ಲಿಗೇ. ನೈಟಿಯನ್ನು ಅಲ್ಲಿಗೆ ಹಾಕಿ. ಯಾವ ಕಡೆ ಇದೆ ಅಂತ ನಿಮಗೆ ಗೊತ್ತಿರುತ್ತದೆ, ಬೇರೆಯವರಿಗೆ ಗೊತ್ತಾಗಬೇಕಾಗಿಲ್ಲ. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಪುಟ ಬಿಡಿ. ಈಗಲೇ ಬರೆಯಬೇಕು ಅಂತಿಲ್ಲ. ಹಾಕುವ ಮೊದಲು ಗುಂಡಿಗಳನ್ನು ಬಿಚ್ಚಿ, ಕುತ್ತಿಗೆಯ ಪಟ್ಟಿ, ಹೆಗಲಿನ ದಪ್ಪ ಹೊಲಿಗೆ ಕತ್ತರಿಸಿ ತೆಗೆದು, ಬಟ್ಟೆಯನ್ನು ಒಂದೇ ಪದರವಾಗಿ ಬಿಡಿಸಿಕೊಳ್ಳಿ. ಅಡಿಯ ಸೀರೆಗೆ ನಾಲ್ಕು ಕಡೆ ಕಚ್ಚಾ ಹೊಲಿಗೆ ಹಾಕಿ ಕೂರಿಸಿ. ಪಟ್ಟಿ ಹಾಗೇ ಉಳಿದರೆ ಆ ಜಾಗಕ್ಕೆ ಬಂದಾಗ ಸೂಜಿ ಒಳಗೆ ಹೋಗುವುದಿಲ್ಲ.